ಚಿಕ್ಕ ಮಕ್ಕಳಿರುವ ಮನೆಯ ಮನಸ್ಸನ್ನು ಕೇಳುವವರು ಯಾರು?

ಲಸಿಕೆ ಹಾಕುವ ದಿನ ಕರ್ನಾಟಕದ ಯಾವ ಅಂಗನವಾಡಿಗೆ ಹೋದರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು ಕಿವಿಗೆ ಬೀಳುತ್ತವೆ. 'ತಾಯಿ ಕಾರ್ಡ್ ತಂದಿದ್ದೀಯೇನಮ್ಮಾ?' 'ಮಗು ಚೆನ್ನಾಗಿ ಹಾಲು ಕುಡೀತಿದೆಯಾ?' 'ಹೋದ ಸಲ ಜ್ವರ ಬಂದಿತ್ತಾ?' ಮಗುವಿನ ತೂಕ ನೋಡಿ ಬರೆದುಕೊಳ್ಳುತ್ತಾರೆ, ಚುಚ್ಚುಮದ್ದು ಕೊಡುತ್ತಾರೆ, ಮುಂದಿನ ತಾರೀಖು ಹೇಳಿ ಕಳಿಸುತ್ತಾರೆ. ಇದೆಲ್ಲ ಆಗಲೇಬೇಕಾದ ಕೆಲಸ. ದಶಕಗಳಿಂದ ಇದನ್ನು ಮಾಡಿಕೊಂಡು ಬಂದವರಿಂದಲೇ ಇವತ್ತು ಎಷ್ಟೋ ಮಕ್ಕಳು ಬದುಕಿದ್ದಾರೆ. ಆದರೆ ಮಗುವನ್ನು ಎತ್ತಿಕೊಂಡು ಬಂದ ಹೆಣ್ಣುಮಗಳನ್ನು 'ಮಗು ಮಲಗಿದ ಮೇಲಾದರೂ ನಿನಗೆ ನಿದ್ದೆ ಬರುತ್ತದಾ? ಮನೆಯಲ್ಲಿ ಎಲ್ಲ ಸರಿಯಿದೆಯಾ?' ಎಂದು ಕೂರಿಸಿಕೊಂಡು ಕೇಳುವುದು ಅಪರೂಪ.

ಕೇಳಲು ಅವಕಾಶವಿಲ್ಲ ಎಂದು ಹೇಳುವಂತಿಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಅಲ್ಲಿಂದ ಮುಂದೆ 6, 10, 14ನೇ ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಒಂದೂವರೆ ವರ್ಷದ ಸುಮಾರಿಗೆ ಲಸಿಕೆಗೆಂದು ತಾಯಿ ಮಗು ಬಂದೇ ಬರುತ್ತಾರೆ. ಮೂರು ತುಂಬಿದ ಮೇಲೆ ಮಗು ದಿನವೂ ಅಂಗನವಾಡಿಗೆ ಬರುತ್ತದೆ. ಒಂದು ಕುಟುಂಬ ಸರ್ಕಾರದ ಕಣ್ಣಿಗೆ ಇಷ್ಟು ಹತ್ತಿರದಲ್ಲಿರುವುದು ಮಗುವಿನ ಮೊದಲ ಆರು ವರ್ಷಗಳಲ್ಲಿ ಮಾತ್ರ. ಆ ಆರು ವರ್ಷ ಮನೆಯವರ ಮನಸ್ಸು ಹೇಗಿರುತ್ತದೆ, ಅದಕ್ಕೆ ಆಸರೆಯಾಗಲು ಎಲ್ಲಿ ಏನೇನು ಮಾಡಿ ನೋಡಿದ್ದಾರೆ, ನಮ್ಮಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಇಲ್ಲಿ ಒಟ್ಟಾಗಿ ನೋಡಿದ್ದೇನೆ.

ಮೊದಲು ಸಮಸ್ಯೆಯ ಅಳತೆ. ಹೆರಿಗೆಯಾದ ಮೂರ್ನಾಲ್ಕನೇ ದಿನ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣ ಮಾತಿಗೂ ನೊಂದುಕೊಳ್ಳುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಹಾಗೆ ಹೋಗದೆ ವಾರಗಟ್ಟಲೆ ಉಳಿದು, ಮಗುವನ್ನು ಕಂಡರೂ ಖುಷಿಯಾಗದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವುದು ಖಿನ್ನತೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂದ ಲೇಖನವೊಂದು ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಹೆರಿಗೆಯಾದ ತಾಯಂದಿರಲ್ಲಿ ಶೇ 22ರಷ್ಟು ಮಂದಿಯಲ್ಲಿ ಇದು ಕಾಣುತ್ತದೆ ಎಂದು ಲೆಕ್ಕ ಕೊಟ್ಟಿತು. ಅದಕ್ಕೆ ಹದಿನೈದು ವರ್ಷ ಮೊದಲು, 2002ರಲ್ಲಿ, ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದ ತಾಯಂದಿರ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲೂ ಸಿಕ್ಕಿದ್ದು ಶೇ 23. ಐದು ಬಾಣಂತಿಯರಲ್ಲಿ ಒಬ್ಬಳು ಎಂದಿಟ್ಟುಕೊಂಡರೂ ಇದು ಪ್ರತಿ ಬೀದಿಯ, ಪ್ರತಿ ಜಾತಿಯ, ಪ್ರತಿ ವರ್ಗದ ಮಾತು.

ಕಾರಣಗಳ ಬಗ್ಗೆ ಈ ಅಧ್ಯಯನಗಳು ಹೇಳುವುದನ್ನು ಗಮನವಿಟ್ಟು ಕೇಳಬೇಕು. ಹಣದ ಮುಗ್ಗಟ್ಟು, ಗಂಡನ ಹೊಡೆತ, ಗಂಡನ ಆಸರೆ ಇಲ್ಲದಿರುವುದು, ಮನೆಯಲ್ಲಿ ಜಗಳ, ಗಂಡುಮಗುವಿಗೆ ಕಾಯುತ್ತಿದ್ದವರಿಗೆ ಹೆಣ್ಣು ಹುಟ್ಟಿದ್ದು. ಹೆರಿಗೆಯ ನಂತರ ದೇಹದಲ್ಲಾಗುವ ಏರುಪೇರು ನಿಜವೇ. ಆದರೆ ಅದೊಂದನ್ನೇ ಹೇಳಿ ಮಾತ್ರೆ ಬರೆದುಕೊಟ್ಟರೆ ಅರ್ಧ ಮಾತು ಹೇಳಿದಂತೆ. ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20.6 ಇತ್ತು. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. 15ರಿಂದ 49 ವಯಸ್ಸಿನವರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಮೈಯಲ್ಲಿ ರಕ್ತವಿಲ್ಲದ, ತಾನೇ ಇನ್ನೂ ಹುಡುಗಿಯಾಗಿರುವ, ರಾತ್ರಿ ಹೊಡೆಸಿಕೊಂಡ ತಾಯಿಗೆ ಬೆಳಿಗ್ಗೆ 'ಮಗುವಿನ ಜೊತೆ ನಗುನಗುತ್ತಾ ಮಾತಾಡಬೇಕಮ್ಮಾ' ಎಂದು ಬುದ್ಧಿ ಹೇಳುವುದು ಅನ್ಯಾಯ.

ಕುಟುಂಬಕ್ಕೆ ಆಸರೆ ಎಂದ ಕೂಡಲೇ ನಮ್ಮಲ್ಲಿ ನೆನಪಾಗುವುದು ಬಾಣಂತನ. ತವರಿನಲ್ಲಿ ಮೂರು ತಿಂಗಳು, ಅನುಕೂಲವಿದ್ದರೆ ಐದು ತಿಂಗಳು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬಿಸಿಬಿಸಿ ಊಟ, ಮಗುವಿಗೆ ನೀರೆರೆಯುವ ಅಜ್ಜಿ, ರಾತ್ರಿ ಎದ್ದು ತೊಟ್ಟಿಲು ತೂಗುವ ಅಮ್ಮ. ಇಷ್ಟು ದೀರ್ಘವಾದ, ಇಷ್ಟು ಅಕ್ಕರೆಯ ನೆರವು ಎಷ್ಟೋ ಶ್ರೀಮಂತ ದೇಶಗಳಲ್ಲೂ ಬಾಣಂತಿಗೆ ಸಿಗುವುದಿಲ್ಲ. ಅದರ ಜೊತೆಗೇ ಬರುವ ಕಟ್ಟುನಿಟ್ಟುಗಳನ್ನು, ಅಂದರೆ ನೀರು ಕಡಿಮೆ ಕುಡಿ, ಹಣ್ಣು ಮುಟ್ಟಬೇಡ, ಹೊರಗೆ ಬರಬೇಡ ಎಂಬ ಪಥ್ಯಗಳನ್ನು, ಬಿಟ್ಟರೆ ಒಳ್ಳೆಯದು. ಆದರೆ ಕೂಲಿ ಮಾಡುವ ಮನೆಯಲ್ಲಿ ಬಾಣಂತನ ಮಾಡಬೇಕಾದ ಅಮ್ಮನೇ ಕೂಲಿಗೆ ಹೋಗಿರುತ್ತಾಳೆ. ತವರು ಇಲ್ಲದವರೂ, ಮನೆಯವರನ್ನು ಎದುರುಹಾಕಿಕೊಂಡು ಮದುವೆಯಾದವರೂ ಇದ್ದಾರೆ. ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೋಗುವ ಕನ್ನಡದ ಅಮ್ಮಂದಿರಿಗೆ ಸಾಮಾನ್ಯವಾಗಿ ಅಲ್ಲಿರಲು ಸಿಗುವುದು ಆರು ತಿಂಗಳು. ಎಲ್ಲಿದ್ದರೂ ಒಂದು ದಿನ ಬಾಣಂತನ ಮುಗಿಯುತ್ತದೆ. ಮಗು ಅಂಬೆಗಾಲಿಟ್ಟು, ನಡೆದು, ಹಟ ಮಾಡಿ, ಉಣ್ಣದೆ ಕಾಡಿ, ಮಾತು ಕಲಿತು ಶಾಲೆ ಸೇರುವವರೆಗಿನ ಐದಾರು ವರ್ಷಗಳಿಗೆ ನಮ್ಮ ಸಂಪ್ರದಾಯದಲ್ಲಿ ಅಷ್ಟು ಗಟ್ಟಿಯಾದ ಏರ್ಪಾಡು ಇಲ್ಲ. ಅತ್ತೆ ಮಾವ ಇರುವ ಕೂಡುಕುಟುಂಬದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ನಂಬುವವರಿದ್ದಾರೆ. ಮಗುವನ್ನು ಎತ್ತಿಕೊಳ್ಳುವ ಕೈಗಳು ಅಲ್ಲಿ ಹೆಚ್ಚು, ಒಪ್ಪುತ್ತೇನೆ. ಆದರೆ ಮಗು ಬಡವಾದರೆ, ಬಿದ್ದರೆ, ಮಾತು ತಡವಾದರೆ 'ಇವಳಿಗೆ ಸಾಕೋದು ಗೊತ್ತಿಲ್ಲ' ಎನ್ನುವ ನಾಲಿಗೆಗಳೂ ಅಲ್ಲೇ ಹೆಚ್ಚು.

ಹಾಗಿದ್ದರೆ ಏನು ಮಾಡಬಹುದು? ಇದಕ್ಕೆ ಉತ್ತರ ಹುಡುಕಲು ಇಂಗ್ಲೆಂಡಿಗೋ ಸ್ವೀಡನ್ನಿಗೋ ಹೋಗಬೇಕಾಗಿಲ್ಲ. ನಮ್ಮಷ್ಟೇ ಬಡತನವಿರುವ ಕಡೆಗಳಲ್ಲೇ ಒಳ್ಳೆಯ ಪ್ರಯೋಗಗಳಾಗಿವೆ.

ಪಾಕಿಸ್ತಾನದ ರಾವಲ್ಪಿಂಡಿಯ ಬಳಿ ಗುಜರ್ ಖಾನ್ ಎಂಬ ಹಳ್ಳಿಗಾಡಿನ ಸೀಮೆಯಿದೆ. ಮನೋವೈದ್ಯ ಆತಿಫ್ ರೆಹಮಾನ್ ಮತ್ತು ಸಂಗಡಿಗರು ಅಲ್ಲಿನ 'ಲೇಡಿ ಹೆಲ್ತ್ ವರ್ಕರ್'ಗಳಿಗೆ, ಅಂದರೆ ನಮ್ಮ ಆಶಾ ಕಾರ್ಯಕರ್ತೆಯರಂಥವರಿಗೆ, ಸಣ್ಣ ತರಬೇತಿ ಕೊಟ್ಟರು. ಗರ್ಭದ ಕೊನೆಯ ತಿಂಗಳಿಂದ ಮಗುವಿಗೆ ಹತ್ತು ತಿಂಗಳಾಗುವವರೆಗೆ ಅವರು ಖಿನ್ನತೆಯಲ್ಲಿದ್ದ ಹೆಂಗಸರ ಮನೆಗೆ ಹೋಗಿ ಕೂತು ಮಾತಾಡಿದರು. 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಗುವಿಗೆ ಆರು ತಿಂಗಳಾದಾಗ ಈ ನೆರವು ಪಡೆದವರಲ್ಲಿ ಖಿನ್ನತೆ ಉಳಿದಿದ್ದು ಶೇ 23ರಷ್ಟು ಮಂದಿಯಲ್ಲಿ. ಮಾಮೂಲಿ ಭೇಟಿಯಷ್ಟೇ ಸಿಕ್ಕವರಲ್ಲಿ ಅದು ಶೇ 53. ಸಂಖ್ಯೆಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಮನೆಯೊಳಗೆ ಕಾಲಿಟ್ಟ ರೀತಿ. 'ನಿಮ್ಮ ಸೊಸೆಗೆ ಮಾನಸಿಕ ತೊಂದರೆ ಇದೆ' ಎಂದು ಅವರು ಯಾರಿಗೂ ಹೇಳಲಿಲ್ಲ. 'ಮಗು ಚೆನ್ನಾಗಿ ಬೆಳೆಯಬೇಕಲ್ಲ, ಅದಕ್ಕೆ ಏನೇನು ಮಾಡೋಣ' ಎಂದು ಶುರುಮಾಡಿದರು. ಮಗುವಿನ ವಿಷಯವಾದ್ದರಿಂದ ಅತ್ತೆಯೂ ಬಂದು ಕೂತಳು, ಗಂಡನೂ ಕಿವಿಗೊಟ್ಟ. ಹಾಗೆಂದು ಎಲ್ಲವೂ ಬಗೆಹರಿಯಿತು ಎಂದಲ್ಲ. ಮಕ್ಕಳಿಗೆ ಲಸಿಕೆ ಹೆಚ್ಚು ಸಿಕ್ಕಿತು, ಭೇದಿ ಕಡಿಮೆಯಾಯಿತು, ಅಪ್ಪ ಅಮ್ಮ ಮಗುವಿನ ಜೊತೆ ಹೆಚ್ಚು ಹೊತ್ತು ಆಡಿದರು. ಆದರೆ ತೂಕ ಎತ್ತರಗಳಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ. ಅದೇ ಮಕ್ಕಳನ್ನು ಏಳನೇ ವಯಸ್ಸಿನಲ್ಲಿ ನೋಡಿದಾಗ ಬುದ್ಧಿ ಬೆಳವಣಿಗೆಯಲ್ಲೂ ವ್ಯತ್ಯಾಸ ಸಿಗಲಿಲ್ಲ. ಒಂದು ವರ್ಷದ ಆಸರೆ ಆರು ವರ್ಷಕ್ಕೆ ಸಾಲುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ.

ಗೋವಾದಲ್ಲಿ ಇದೇ ಕ್ರಮವನ್ನು ಇನ್ನೂ ಸರಳಗೊಳಿಸಿ, ಅದೇ ಊರಿನ ಅನುಭವಸ್ಥ ಹೆಂಗಸರ ಕೈಗೆ ಕೊಟ್ಟು ನೋಡಿದರು. 2019ರಲ್ಲಿ ಬಂದ ಆ ಫಲಿತಾಂಶ ಸಾಧಾರಣ: ಆರು ತಿಂಗಳ ಹೊತ್ತಿಗೆ ಚೇತರಿಸಿಕೊಂಡವರು ಶೇ 73, ನೆರವು ಸಿಗದವರಲ್ಲೂ ಶೇ 60. ಲಾಭವಿದೆ, ಆದರೆ ಪವಾಡವಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಹಳ್ಳಿಗಳಲ್ಲಿ 'ಏಕ್‌ಜುಟ್' ಸಂಸ್ಥೆ ನಡೆಸಿದ ಕೆಲಸ. ಅಲ್ಲಿ ಮನಸ್ಸಿನ ಮಾತೇ ಎತ್ತಲಿಲ್ಲ. ತಿಂಗಳಿಗೊಮ್ಮೆ ಹೆಂಗಸರು ಗುಂಪಾಗಿ ಸೇರಿ, ಊರಿನವಳೇ ಆದ ಒಬ್ಬಳ ಮುಂದಾಳತ್ವದಲ್ಲಿ, ಹಸುಗೂಸುಗಳು ಯಾಕೆ ಸಾಯುತ್ತಿವೆ, ನಾವೇನು ಮಾಡಬಹುದು ಎಂದು ಕಥೆ, ಚಿತ್ರ, ಆಟಗಳ ಮೂಲಕ ಚರ್ಚಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಎರಡನೇ ಮತ್ತು ಮೂರನೇ ವರ್ಷಗಳಲ್ಲಿ ನವಜಾತ ಶಿಶುಗಳ ಸಾವು ಶೇ 45ರಷ್ಟು ಕಡಿಮೆಯಿತ್ತು. ಮೂರನೇ ವರ್ಷದ ಹೊತ್ತಿಗೆ ತಾಯಂದಿರಲ್ಲಿ ಮಧ್ಯಮ ಪ್ರಮಾಣದ ಖಿನ್ನತೆಯೂ ಶೇ 57ರಷ್ಟು ಕಡಿಮೆಯಾಗಿತ್ತು. ಯಾರೂ ಚಿಕಿತ್ಸೆ ಕೊಡಲಿಲ್ಲ. ಜೊತೆಗೆ ಕೂರುವವರು ಸಿಕ್ಕರು, ತನ್ನ ಕಷ್ಟ ತನ್ನೊಬ್ಬಳದಲ್ಲ ಎಂದು ಗೊತ್ತಾಯಿತು, ಏನಾದರೂ ಮಾಡಬಹುದು ಎಂಬ ಧೈರ್ಯ ಬಂತು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ 1980ರ ದಶಕದಲ್ಲಿ ಶುರುಮಾಡಿದ ಮನೆಭೇಟಿಗಳ ಪಾಠವೂ ಇದಕ್ಕೆ ಹತ್ತಿರದ್ದು. ವಾರಕ್ಕೊಂದು ತಾಸು, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸಿಕೊಡುತ್ತಿದ್ದರು. ಇಪ್ಪತ್ತು ವರ್ಷಗಳ ಬಳಿಕ ಆ ಮಕ್ಕಳ ಸಂಪಾದನೆ ಇತರರಿಗಿಂತ ಶೇ 25ರಷ್ಟು ಹೆಚ್ಚಿತ್ತು ಎಂಬುದು ಜಗತ್ತಿಗೆಲ್ಲ ಗೊತ್ತಾದ ಸಂಗತಿ. ಇಂಥ ಭೇಟಿಗಳಿಂದ ತಾಯಂದಿರ ಬೇಸರವೂ ಇಳಿದದ್ದು ಜಮೈಕಾದಲ್ಲೇ ನಡೆದ ಮುಂದಿನ ಅಧ್ಯಯನದಲ್ಲಿ ತಿಳಿದುಬಂತು. ಇದರ ಬಗ್ಗೆ ಮಾತಾಡುವವರು ಕಡಿಮೆ.

ಈಗ ನಮ್ಮ ಮನೆಯತ್ತ ಬರೋಣ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕನ್ನು. ಅಲ್ಲಿಂದ ಬೆಳೆದು ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳನ್ನು ಆಗ ಹೆಸರಿಸಿದ್ದರು. ಅರ್ಧ ಶತಮಾನವಾದರೂ ಏಳನೆಯದಾಗಿ ತಾಯಿಯ ಮನಸ್ಸು ಆ ಪಟ್ಟಿಗೆ ಸೇರಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯ ಸರ್ಕಾರ 'ಮಾತೃಪೂರ್ಣ' ತಂದು, ಗರ್ಭಿಣಿ ಬಾಣಂತಿಯರು ಅಂಗನವಾಡಿಗೇ ಬಂದು ಬಿಸಿಯೂಟ ಮಾಡಲಿ ಎಂದಿತು. ದಿನಕ್ಕೊಮ್ಮೆ ಹೆಂಗಸರು ಒಟ್ಟಿಗೆ ಕೂತು ಉಣ್ಣುವ ಆ ಅವಕಾಶ ಆಹಾರಕ್ಕಿಂತ ದೊಡ್ಡದಾಗಬಹುದಿತ್ತು. ದೂರ, ಮಳೆ, ಮನೆಗೆಲಸ, ಎಳೆಕೂಸು, ಕೆಲವು ಕಡೆ ಜಾತಿ ಅಡ್ಡ ಬಂದವು. ಉಂಡ ಮೇಲೆ ಹತ್ತು ನಿಮಿಷ ಕೂತು ಮಾತಾಡುವುದೂ ಯೋಜನೆಯ ಭಾಗ ಎಂದು ಯಾರೂ ಎಣಿಸಲಿಲ್ಲ.

ಸ್ತ್ರೀಶಕ್ತಿ ಸಂಘಗಳದ್ದೂ ಇದೇ ಕಥೆ. 2000–01ರಲ್ಲಿ ಆರಂಭವಾದ ಈ ಸಂಘಗಳನ್ನು ಕಟ್ಟಿದವರು ಬಹುಪಾಲು ಅಂಗನವಾಡಿ ಕಾರ್ಯಕರ್ತೆಯರೇ. ಜಾರ್ಖಂಡಿನಲ್ಲಿ ಹೊಸದಾಗಿ ಗುಂಪು ಕಟ್ಟಬೇಕಾಯಿತು. ನಮ್ಮಲ್ಲಿ ಊರೂರಿಗೆ ಗುಂಪುಗಳಿವೆ. ಅವು ಸೇರುವುದು ಉಳಿತಾಯ ಮತ್ತು ಸಾಲದ ಲೆಕ್ಕಕ್ಕೆ. ಸಾಲದ ಕಂತು ಎಂಬುದು ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಂಥ ಭಯ ತರುತ್ತದೆ ಎಂಬುದನ್ನು ಮೈಕ್ರೊ ಫೈನಾನ್ಸ್ ವಸೂಲಿಗೆ ಹೆದರಿ ಊರು ಬಿಟ್ಟವರ ಸುದ್ದಿಗಳು ತೋರಿಸಿದವು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಘದ ಸಭೆಯಲ್ಲಿ ತಿಂಗಳಿಗೆ ಒಂದು ತಾಸು ಕಂತಿನ ಮಾತು ಬಿಟ್ಟು ಮಕ್ಕಳ ಮಾತು, ತಮ್ಮ ಮಾತು ಆಡಿದರೆ ಖರ್ಚೇನೂ ಇಲ್ಲ.

ದೊಡ್ಡ ಕೊರತೆ ಇರುವುದು ಮೂರು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ. ಅಂಗನವಾಡಿ ಹಗಲಿಡೀ ನೋಡಿಕೊಳ್ಳುವುದು ಮೂರರಿಂದ ಆರರವರನ್ನು. ಅದಕ್ಕಿಂತ ಸಣ್ಣವರಿಗೆ ಮನೆಗೆ ಒಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ. ಪೊಟ್ಟಣ ಮಗುವನ್ನು ನೋಡಿಕೊಳ್ಳುವುದಿಲ್ಲ. ಕೆಲಸಕ್ಕೆ ಹೋಗುವ ತಾಯಿ ಎರಡು ವರ್ಷದ ಕೂಸನ್ನು ಏಳು ವರ್ಷದ ಅಕ್ಕನ ಸೊಂಟಕ್ಕೆ ಏರಿಸಿ ಹೋಗುತ್ತಾಳೆ, ಇಲ್ಲವೇ ಹೊಲದ ಬದುವಿನಲ್ಲೋ ಕಟ್ಟಡದ ಮರಳ ಗುಡ್ಡೆಯ ಮೇಲೋ ಬಿಟ್ಟು ದಿನವಿಡೀ ಜೀವ ಕೈಯಲ್ಲಿ ಹಿಡಿದುಕೊಂಡು ದುಡಿಯುತ್ತಾಳೆ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬೆಂಗಳೂರಿನ ಕಟ್ಟಡಗಳಿಗೆ ದುಡಿಯಲು ಬಂದ ಸಂಸಾರಗಳ ಶೆಡ್ಡುಗಳಲ್ಲಿ ಇದು ನಿತ್ಯದ ಪಾಡು. ಕಾನೂನುಗಳು ಬೇಕಾದಷ್ಟು ಬಂದಿವೆ. 1948ರ ಕಾರ್ಖಾನೆ ಕಾಯಿದೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಬೇಕೆಂದಿತು, 1951ರ ಪ್ಲಾಂಟೇಷನ್ ಕಾಯಿದೆ ಕೊಡಗು ಚಿಕ್ಕಮಗಳೂರಿನ ಎಸ್ಟೇಟುಗಳಿಗೂ ಅದನ್ನೇ ಹೇಳಿತು, 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ವಿಸ್ತರಿಸಿ, ಸಂಬಳದ ರಜೆಯನ್ನು 26 ವಾರಕ್ಕೆ ಏರಿಸಿತು. ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಮನೆಯಲ್ಲೇ ಬೀಡಿ ಕಟ್ಟುವವಳಿಗೆ, ಮನೆಗೆಲಸದವಳಿಗೆ ಇದರಲ್ಲಿ ಯಾವುದೂ ತಲುಪುವುದಿಲ್ಲ. ಮಾತೃ ವಂದನಾ ಯೋಜನೆಯಡಿ ಮೊದಲ ಮಗುವಿಗೆ ಸಿಗುವುದು ₹5,000. 2024–25ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ಕೂಲಿ ದಿನಕ್ಕೆ ₹349 ಇತ್ತು. ಆ ಲೆಕ್ಕದಲ್ಲಿ ಇದು ಹದಿನಾಲ್ಕು ದಿನದ ಕೂಲಿ.

ಆದ್ದರಿಂದಲೇ 2023–24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ 'ಕೂಸಿನ ಮನೆ' ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಊರಿನ ಕೂಲಿಕಾರ ಹೆಂಗಸರಲ್ಲೇ ಕೆಲವರಿಗೆ ತರಬೇತಿ ಕೊಟ್ಟು, ಅವರ ಕೈಗೆ ಪುಟ್ಟ ಮಕ್ಕಳನ್ನು ಒಪ್ಪಿಸುವ ಯೋಜನೆ ಅದು. ಯಾವ ಕಡತದಲ್ಲೂ ಅದನ್ನು ಮಾನಸಿಕ ಆರೋಗ್ಯದ ಕೆಲಸ ಎಂದು ಬರೆದಿರಲಾರರು. ಆದರೂ ಮಗು ಸುರಕ್ಷಿತವಾಗಿದೆ ಎಂಬ ನೆಮ್ಮದಿಗಿಂತ ದೊಡ್ಡ ಔಷಧಿ ದುಡಿಯುವ ತಾಯಿಗೆ ಯಾವುದಿದೆ? ಮಗುವಿಗೆ ಮೊಬೈಲ್ ಕೊಟ್ಟು ಊಟ ಮಾಡಿಸಬೇಡಿ ಎಂದು ನಗರದ ತಾಯಂದಿರಿಗೆ ಬುದ್ಧಿ ಹೇಳುವವರೂ ಇದನ್ನು ಯೋಚಿಸಬೇಕು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಪರದೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಸರಿಯೇ. ಒಬ್ಬಳೇ ಇರುವ ಮನೆಯಲ್ಲಿ ಒಲೆಯ ಮುಂದೆ ನಿಂತವಳಿಗೆ ಆ ಹೊತ್ತು ಮಗುವನ್ನು ನೋಡಿಕೊಳ್ಳಲು ಬೇರೆ ಯಾರಿದ್ದಾರೆ ಎಂಬ ಪ್ರಶ್ನೆಗೂ ಉತ್ತರ ಬೇಕಲ್ಲ.

ಇಷ್ಟೆಲ್ಲ ಕೆಲಸ ಅಂಗನವಾಡಿ ಟೀಚರ್ ಹೆಗಲಿಗೇ ಬೀಳುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಅವರು ಅಡುಗೆ ಮಾಡಿಸಬೇಕು, ಪಾಠ ಹೇಳಬೇಕು, ಮನೆಮನೆಗೆ ಹೋಗಬೇಕು, ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಿನವೂ ವಿವರ ತುಂಬಬೇಕು, ಸರ್ವೆ ಬಂದರೆ ಅದನ್ನೂ ಮಾಡಬೇಕು. 2018ರಲ್ಲಿ ಏರಿಸಿದ ಮೇಲೂ ಅವರ ಗೌರವಧನದಲ್ಲಿ ಕೇಂದ್ರದ ದರ ₹4,500 ಮಾತ್ರ. ಉಳಿದದ್ದನ್ನು ರಾಜ್ಯ ಸೇರಿಸುತ್ತದೆ. ಗ್ರಾಚ್ಯುಟಿ ಸಿಗಬೇಕೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಹೋರಾತ್ರಿ ಕೂತು ಕೇಳಿದ ಮೇಲೇ ಅವರಿಗೆ ಏನಾದರೂ ಸಿಕ್ಕಿದೆ. ಬೇರೆಯವರ ದುಃಖ ಕೇಳಿಸಿಕೊಳ್ಳಲು ಕೇಳುವವರಿಗೆ ಸಮಯ ಬೇಕು, ನೆಮ್ಮದಿ ಬೇಕು. ಇನ್ನೊಂದು ರಿಜಿಸ್ಟರು ಕೊಟ್ಟು 'ತಾಯಂದಿರ ಮನಸ್ಸು' ಎಂಬ ಕಾಲಂ ತುಂಬಿಸಿದರೆ ಅದು ತುಂಬುತ್ತದೆ ಅಷ್ಟೇ. ಈಗಿರುವ ಬರಹದ ಹೊರೆಯಲ್ಲಿ ಅರ್ಧ ಇಳಿಸಿ, ಆ ಹೊತ್ತನ್ನು ಮನೆಭೇಟಿಗೆ ಕೊಡಬೇಕು. ಕೇರಳದಲ್ಲಿ 'ಅಮ್ಮ ಮನಸ್ಸು' ಎಂಬ ಹೆಸರಿನಲ್ಲಿ ಆರೋಗ್ಯ ಇಲಾಖೆಯ ಸಿಬ್ಬಂದಿಯೇ ಗರ್ಭಿಣಿ ಬಾಣಂತಿಯರ ಮನಸ್ಸನ್ನು ವಿಚಾರಿಸುವ ಏರ್ಪಾಡಿದೆ. ನಮ್ಮಲ್ಲೂ ಲಸಿಕೆಯ ದಿನ ಸಿಸ್ಟರ್ ಕೇಳುವ ಒಂದೆರಡು ಪ್ರಶ್ನೆಗಳಿಂದ ಆರಂಭಿಸಬಹುದು.

ಕಾಯಿಲೆ ತೀವ್ರವಾದಾಗ ನಮ್ಮ ರಾಜ್ಯ ಉಳಿದವರಿಗಿಂತ ಮುಂದಿದೆ, ಇದನ್ನು ಹೆಮ್ಮೆಯಿಂದ ಹೇಳಬೇಕು. ಸಾವಿರಕ್ಕೆ ಒಬ್ಬಿಬ್ಬರಿಗೆ ಬರುವ ಬಾಣಂತಿ ಸನ್ನಿಯಲ್ಲಿ ತಾಯಿ ದಿಕ್ಕುತಪ್ಪಿ ಮಾತಾಡುತ್ತಾಳೆ, ಇಲ್ಲದ್ದನ್ನು ಕಾಣುತ್ತಾಳೆ. ಗಾಳಿ ಸೋಕಿತೆಂದು ದಿನ ಕಳೆದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಿಭಾಗವಿದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಹೇಳುತ್ತದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಸಿಕ್ಕಿದ್ದೇ 1985ರಲ್ಲಿ ಬಳ್ಳಾರಿಯಲ್ಲಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕ್ಲಿನಿಕ್ಕುಗಳೂ ಇವೆ. ಆದರೆ ಬಾಣಂತಿಯೊಬ್ಬಳು ಅಲ್ಲಿಗೆ ತಲುಪಬೇಕಾದರೆ ಊರಲ್ಲಿ ಯಾರಾದರೂ ಅವಳನ್ನು ಮೊದಲು ಗುರುತಿಸಿರಬೇಕು.

ಅಪ್ಪಂದಿರ ಬಗ್ಗೆ ಬರೆಯಲು ಹೊರಟರೆ ಸಿಗುವ ಸಾಮಗ್ರಿ ಬಹಳ ಕಡಿಮೆ. ಕೇಂದ್ರ ಸರ್ಕಾರಿ ನೌಕರನಿಗೆ ಮಗು ಹುಟ್ಟಿದಾಗ 15 ದಿನ ರಜೆ, ಖಾಸಗಿಯವರಿಗೆ ಅದನ್ನು ಕೊಡಲೇಬೇಕೆಂಬ ಕಾನೂನಿಲ್ಲ. ಗಂಡನ ಆಸರೆ ಇರುವಲ್ಲಿ ಖಿನ್ನತೆ ಕಡಿಮೆ ಎಂದು ಅಧ್ಯಯನಗಳು ಮತ್ತೆಮತ್ತೆ ಹೇಳಿದರೂ, ತಾಯಂದಿರ ಸಭೆಗೆ ತಂದೆಯನ್ನು ಕರೆಯುವ ಅಂಗನವಾಡಿ ಅಪರೂಪ. ಸಂಜೆ ಅರ್ಧ ತಾಸು ಮಗುವನ್ನು ಎತ್ತಿಕೊಂಡು ಬೀದಿ ಸುತ್ತಿ ಬರುವ ಅಪ್ಪ ಹೆಂಡತಿಗೆ ಕೊಡುವುದು ಅರ್ಧ ತಾಸಿನ ಬಿಡುವು, ಮಗುವಿಗೆ ಕೊಡುವುದು ಬದುಕಿಡೀ ಉಳಿಯುವ ನಂಟು.

ಬೆಳವಣಿಗೆ ತಡವಾದ, ಆಟಿಸಂ ಇರುವ ಮಕ್ಕಳ ಮನೆಗಳ ಭಾರ ಇನ್ನೂ ಹೆಚ್ಚಿನದು. ಅದಕ್ಕೇ ಪ್ರತ್ಯೇಕ ಲೇಖನ ಬೇಕು. ಇಲ್ಲಿ ಇಷ್ಟು ಹೇಳಬಹುದು: 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿಗೇ ವೈದ್ಯರ ತಂಡ ಬರುತ್ತದೆ. ಮಗುವಿಗೆ ಎರಡು ತುಂಬಿದರೂ ಮಾತು ಬರದಿದ್ದರೆ 'ಅವರಪ್ಪನೂ ತಡವಾಗೇ ಮಾತಾಡಿದ್ದ' ಎಂದು ಕಾಯದೆ ಆ ತಂಡಕ್ಕೆ ತೋರಿಸಿ.

ಹೊಸ ಯೋಜನೆಗೆ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯಿತಿಯ ಸದಸ್ಯರು ಇದನ್ನು ಓದುತ್ತಿದ್ದರೆ, ನಿಮ್ಮ ಪಂಚಾಯಿತಿಗೆ ಕೂಸಿನ ಮನೆ ಬಂದಿದೆಯೇ, ಬಂದಿದ್ದರೆ ದಿನವೂ ಬಾಗಿಲು ತೆರೆಯುತ್ತದೆಯೇ, ಆಯಾಗಳಿಗೆ ಕೂಲಿ ಸಂದಾಯವಾಗಿದೆಯೇ ಎಂದು ಮುಂದಿನ ಸಭೆಯಲ್ಲಿ ಕೇಳಿ. ಪುಟ್ಟ ಮಗುವಿರುವ ಮನೆಗೆ ನೋಡಲು ಹೋಗುವವರು ಮಗುವನ್ನು ಎತ್ತಿಕೊಂಡು, ಅದರ ಅಮ್ಮನಿಗೆ ಒಂದು ತಾಸು ಮಲಗಲು ಬಿಡಿ. ಎದ್ದ ಮೇಲೆ ಹೇಗಿದ್ದೀಯಾ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಉತ್ತರ ಕೇಳಿ ಗಾಬರಿಯಾದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ.